ಹದಿನಾಲ್ಕು ಅಡಿ ಪೆಟ್ರೋಲು

ಉದ್ಯಮನಗರ, ಕೊಲ್ಲಾಪುರ
೧೨ ಜನವರಿ ೧೯೬೪

ಗಡಹಿಂಗ್ಲಜದ ಟ್ಯಾಕ್ಸಿ ಮಾಲೀಕರೂ ನಮ್ಮ ಅಳಿಯಂದಿರೂ ಆದ ಮಲ್ಲಾರಿಯವರಿಗೆ ಮಾವ ತಾತೋಬಾನ ನಮಸ್ಕಾರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಲ್ಲಿ ನಿಮ್ಮ ಗಾಡಿಯೊಂದನ್ನು ಬಿಟ್ಟು ಉಳಿದವರು ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ.

ಹೌಸಾಳಿಗೆ ಐದು ತಿಂಗಳು ತುಂಬಿತೆಂದು ನಿಮ್ಮ ಅತ್ತೆ ಚಂದ್ರಾಬಾಯಿ ಹೇಳುತ್ತಾಳೆ. ಮಾರ್ಚ್ ಕೊನೆಗೆ ಮಗಳನ್ನು ಇಲ್ಲಿಗೆ ಕರೆತಂದು ಕುಬಸ ಮಾಡಬೇಕು, ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂಬುದು ಎರಡೂ ಮನೆಯ ಮಾತು. ಬಸ್ಸಿನಲ್ಲಿ ಕಳಿಸಿ ಅಂದರೆ ನಿಮಗೆ ಸಿಟ್ಟು. ಟ್ಯಾಕ್ಸಿಯವನ ಹೆಂಡತಿ ಎಸ್.ಟಿ. ಹತ್ತಿದರೆ ಸ್ಟ್ಯಾಂಡಿನ ಮಂದಿ ನಗುತ್ತಾರಂತೆ. ಕಳೆದ ಏಪ್ರಿಲಿನಲ್ಲಿ ಮದುವೆ ಮುಗಿಸಿ ಹೊರಟ ಗಾಡಿ ತವಂದಿ ಘಾಟಿನಲ್ಲಿ ಎರಡು ತಾಸು ನಿಂತಿತಲ್ಲ, ಅವತ್ತು ಯಾರೂ ನಗಲಿಲ್ಲವೇ? ನನ್ನ ಮಗಳು ಅರಿಷಿಣದ ಸೀರೆಯಲ್ಲಿ ಮೈಲುಗಲ್ಲಿನ ಮೇಲೆ ಕೂತಿದ್ದಳು. ನೀವು ಬಾಸಿಂಗ ಬಿಚ್ಚಿಟ್ಟು, ಜ್ವರ ಬಂದ ಕೂಸಿಗೆ ಹಾಕಿದ ಹಾಗೆ ಪಂಪಿನ ಮೇಲೆ ಒದ್ದೆ ಅರಿವೆ ಹಾಕುತ್ತಿದ್ದಿರಿ. ಹಿಂದಿನ ಲಾರಿಯಲ್ಲಿದ್ದ ಬೀಗರು ಇಂದಿಗೂ ಆ ಕಥೆ ಹೇಳಿ ಚಹಾ ಕುಡಿಯುತ್ತಾರೆ.

ನಿಮ್ಮ ಆ ಎಂಟು ಸಿಲಿಂಡರಿನ ಹಳೆಯ ಗಾಡಿಯ ಪಂಪು ಇಂಜಿನ್ನಿನ ನೆತ್ತಿಯ ಮೇಲೇ ಕೂತಿದೆ. ಬೇಸಿಗೆಯಲ್ಲಿ ಘಾಟು ಹತ್ತುವಾಗ ಅದು ಕಾಯುತ್ತದೆ, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ಆವಿಯನ್ನು ಪಂಪು ನೂಕಲಾರದು, ಗಾಡಿ ನಿಲ್ಲುತ್ತದೆ. ಇದು ಗಾಡಿ ಇಟ್ಟವನಿಗೆ ಗೊತ್ತಿರಬೇಕಾದ ವಿಷಯ.

ಎಸ್.ಟಿ. ಪಾರ್ಸಲಿನಲ್ಲಿ ಎರಡು ಸಾಮಾನು ಕಳಿಸಿದ್ದೇನೆ. ಒಂದು, ಮಿಲಿಟರಿ ಹರಾಜಿನ ಲಾರಿಯದು, ಬ್ಯಾಟರಿಯ ಮೇಲೆ ನಡೆಯುವ ಪಂಪು. ಅದನ್ನು ಹಿಂದೆ, ಟ್ಯಾಂಕಿನ ಪಕ್ಕದ ತಂಪಿನಲ್ಲಿ ಕೂರಿಸಬೇಕು. ಆದರೆ ಅದು ಲಾರಿಯ ಪಂಪು, ನೂಕುವುದು ಜಾಸ್ತಿ. ಅಷ್ಟು ಒತ್ತಡ ಬಿದ್ದರೆ ಕಾರ್ಬುರೇಟರಿನ ಸೂಜಿ ತಡೆಯದೆ ಪೆಟ್ರೋಲು ಉಕ್ಕಿ ಕಾದ ಇಂಜಿನ್ನಿನ ಮೇಲೆ ಸುರಿಯುತ್ತದೆ. ಆಮೇಲೆ ಏನಾಗುತ್ತದೆಂದು ಕುರಿ ಕಾಯುವವರಿಗೂ ಗೊತ್ತು. ಅದಕ್ಕೇ ಎರಡನೆಯದು: ಒತ್ತಡ ಇಳಿಸುವ ಹಿತ್ತಾಳೆಯ ಡಬ್ಬಿ. ಪ್ರೆಶರ್ ರೆಗ್ಯುಲೇಟರ್ ಅನ್ನುತ್ತಾರೆ. ನಾನೇ ಲೇಥಿನಲ್ಲಿ ಮಾಡಿದ್ದು. ನಳಿಯ ಬಾಯಿಗೆ ಹೆಬ್ಬೆರಳು ಒತ್ತಿ, ಸ್ಪ್ರಿಂಗಿನ ಸ್ಕ್ರೂ ಎಷ್ಟಿರಬೇಕೋ ಅಷ್ಟಕ್ಕೆ ನಿಲ್ಲಿಸಿ, ಮೇಲೆ ಬೆಸುಗೆ ಹಾಕಿದ್ದೇನೆ. ನಿಮ್ಮ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬೆಸುಗೆ.

ನಾನೇ ಬಂದು ಮಾಡಬಹುದಿತ್ತು. ಆದರೆ ಮೊಮ್ಮಗು ಹುಟ್ಟುವ ತನಕ ಮಗಳ ಮನೆಯ ನೀರು ಮುಟ್ಟಬಾರದು ಎಂಬುದು ನಮ್ಮ ಮನೆತನದ ಪದ್ಧತಿ. ದಸರೆಗೆ ಬಂದಾಗ ಡಬ್ಬದಲ್ಲಿ ನೀರು ತಂದು, ನಿಮ್ಮ ಕಟ್ಟೆಯ ಮೇಲೆ ಕೂತು ಎದ್ದುಹೋದೆ. ಇಡೀ ದಿನದ ಕೆಲಸ ಒಣಬಾಯಿಯಲ್ಲಿ ಮಾಡಲಾರೆ. ಈ ಪತ್ರ ಓದಿ ಮಾಡಿ. ಓದಿ ತಿಳಿಯದಿದ್ದರೆ ಹೌಸಾ ತಿಳಿಸಿ ಹೇಳುತ್ತಾಳೆ, ಆಕೆ ಏಳನೆಯ ಇಯತ್ತೆ ಪಾಸು.

ತಾತೋಬಾ


ಗಡಹಿಂಗ್ಲಜ
೩೦ ಜನವರಿ ೧೯೬೪

ಕೊಲ್ಲಾಪುರದ ಸಕಲ ಇಂಜಿನ್ನುಗಳಿಗೆ ಪ್ರಾಣ ಕೊಡುವ ಮಾವನವರಿಗೆ ಅಳಿಯ ಮಲ್ಲಾರಿಯ ಸಾಷ್ಟಾಂಗ.

ಓದಲು ನನಗೇ ಬರುತ್ತದೆ. ಬರೆಯಲೂ ಬರುತ್ತದೆ, ನೋಡುತ್ತಿದ್ದೀರಿ. ನಾನು ನೂಲ ಎಂಬ ಹಳ್ಳಿಯ ಕುರಿಹಟ್ಟಿಯವನೆಂದು ಪ್ರತಿ ಪತ್ರದಲ್ಲೂ ನೆನಪಿಸುತ್ತೀರಿ. ನಿಮ್ಮ ತಂದೆಯೂ ಇದೇ ಕುರಿಗಳ ಹಿಂದೆ ನಡೆದುಕೊಂಡೇ ಕೊಲ್ಲಾಪುರ ಮುಟ್ಟಿದ್ದು. ಒಂದು ಲೇಥು ಕೊಂಡ ಕೂಡಲೇ ಕಂಬಳಿಯ ವಾಸನೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನೀವು ಬರೆದ ಹಾಗೇ ಪಂಪನ್ನು ಟ್ಯಾಂಕಿನ ಪಕ್ಕ ಕೂರಿಸಿದೆ, ನಿಮ್ಮ ಡಬ್ಬಿಯನ್ನು ಕಾರ್ಬುರೇಟರಿನ ಹಿಂದೆ ಹಾಕಿದೆ. ಸ್ವಿಚ್ಚು ಒತ್ತಿದರೆ ಟಿಕ್ ಟಿಕ್ ಎಂದು ಚೆನ್ನಾಗಿಯೇ ಬಡಿಯಿತು. ಐದು ನಿಮಿಷ ಇಂಜಿನ್ ನಡೆಸಿ ಬಾನೆಟ್ ಎತ್ತಿದರೆ ಕಾರ್ಬುರೇಟರಿನ ಕೆಳಗೆಲ್ಲ ಒದ್ದೆ. ಬೆರಳು ಹಚ್ಚಿ ಮೂಸಿದೆ, ಪೆಟ್ರೋಲು. ಒತ್ತಡ ಇಳಿಸುವ ಡಬ್ಬಿಯೋ, ಏರಿಸುವ ಡಬ್ಬಿಯೋ?

ಹೌಸಾ ನಿಮ್ಮ ಕಡೆಗೇ ಮಾತಾಡುತ್ತಾಳೆ. "ಅಪ್ಪನ ಕೈ ಎಂದೂ ತಪ್ಪಿಲ್ರಿ. ನೀವ ಏನರ ಹಿಂದ ಮುಂದ ಮಾಡೀರಿ," ಅಂದಳು. ಹೆಬ್ಬೆರಳಿನಿಂದ ಒತ್ತಡ ಅಳೆಯುವ ವಿದ್ಯೆಯನ್ನು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪಾರೀಸ ಗುರುಗಳಿಗೆ ಹೇಳಿದೆ. ಅವರು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿ ಗಾಡಿಯನ್ನು ಓಡಿಸಬೇಡ ಅಂದರು.

ಮಲ್ಲಾರಿ


ಕೊಲ್ಲಾಪುರ
೬ ಫೆಬ್ರವರಿ ೧೯೬೪

ಅಳಿಯಂದಿರಿಗೆ,

ಶಾಲೆಯ ಮಾಸ್ತರರು ಗಾಡಿಯನ್ನು ಫಳಿಯ ಮೇಲೆ ಸೀಮೆಸುಣ್ಣದಿಂದ ಓಡಿಸುತ್ತಾರೆ, ಅವರಿಗೆ ಪೆಟ್ರೋಲು ಸೋರುವುದಿಲ್ಲ. ನನ್ನ ಈ ಹೆಬ್ಬೆರಳು ಮೂವತ್ತು ವರ್ಷ ಪಂಪಿನ ಬಾಯಿ ಮುಚ್ಚಿದೆ. ಸಂಸ್ಥಾನದ ಕಾಲದ ಗಾಡಿಗಳನ್ನು ಇದೇ ಬೆರಳಿನಿಂದ ನೋಡಿ ಕೊಟ್ಟಿದ್ದೇನೆ. ಎಷ್ಟು ನೂಕಿದರೆ ಎಷ್ಟು ಪೌಂಡು ಎಂದು ಬೆರಳಿಗೆ ಗೊತ್ತು, ಪುಸ್ತಕಕ್ಕೆ ಅದು ನನ್ನಿಂದ ಹೋಗಬೇಕು.

ತಪ್ಪು ನಿಮ್ಮ ಕಾರ್ಬುರೇಟರಿನದು. ಒಳಗಿನ ಫ್ಲೋಟಿಗೆ, ಸೂಜಿಗೆ ಕಸ ಕೂತಿದೆ. ಅದನ್ನು ಬಿಚ್ಚಿ ತೊಳೆದು ಎಷ್ಟು ವರ್ಷವಾಯಿತೆಂದು ನಿಮಗೇ ನೆನಪಿರಲಿಕ್ಕಿಲ್ಲ. ಇಚಲಕರಂಜಿಯ ಕೃಷ್ಣಾ ಗೊತ್ತಲ್ಲ, ಮಗ್ಗದ ಮಾಲೀಕರನ್ನು ಹಾತಕಣಂಗಲೆ ಸ್ಟೇಶನ್ನಿಗೆ ಒಯ್ಯುವ ಟ್ಯಾಕ್ಸಿಯವನು. ನಿಮ್ಮದೇ ಜಾತಿಯ ಗಾಡಿ ಅವನದು. ನಿಮಗೆ ಪಾರ್ಸಲು ಕಳಿಸಿದ ವಾರವೇ ಅವನಿಗೂ ಅಂಥದೇ ಪಂಪು, ಅಂಥದೇ ಡಬ್ಬಿ, ಇದೇ ಹೆಬ್ಬೆರಳಿನಿಂದ ನೋಡಿ ಹಾಕಿಕೊಟ್ಟಿದ್ದೇನೆ. ಅವನಿಂದ ಒಂದು ದೂರು ಬಂದಿಲ್ಲ. ಅವನು ಗಾಡಿ ತೊಳೆದು ಇಡುವ ಮನುಷ್ಯ.

ಡಬ್ಬಿಯ ಬೆಸುಗೆ ಮುಟ್ಟಬೇಡಿ. ಮುಟ್ಟಿದರೆ ನನಗೆ ತಿಳಿಯುತ್ತದೆ.

ತಾತೋಬಾ


ಗಡಹಿಂಗ್ಲಜ
೨೦ ಫೆಬ್ರವರಿ ೧೯೬೪

ಪೂಜ್ಯ ಮಾವನವರಿಗೆ, ಈ ಸಲ ನಿಜವಾಗಿ ತಲೆ ಬಾಗಿಸಿ.

ನೀವು ಹೇಳಿದಂತೆ ಫ್ಲೋಟು ತೊಳೆದೆ. ಈಗ ಒಂದು ಹನಿ ಸೋರುವುದಿಲ್ಲ. ಸಂಕೇಶ್ವರಕ್ಕೆ ಆರು ಸಲ, ಆಜರಾಕ್ಕೆ ಎರಡು ಸಲ ಹೋಗಿಬಂದೆ, ಬಾನೆಟ್ಟಿನೊಳಗೆ ಪೆಟ್ರೋಲಿನ ವಾಸನೆ ಕೂಡ ಇಲ್ಲ. ತಪ್ಪೆಲ್ಲ ನನ್ನದೇ. ನಿಮ್ಮ ಡಬ್ಬಿಯಂಥ ಡಬ್ಬಿ ಇಲ್ಲ, ನಿಮ್ಮ ಹೆಬ್ಬೆರಳಿನಂಥ ಹೆಬ್ಬೆರಳು ಈ ಸೀಮೆಯಲ್ಲಿ ಇಲ್ಲ. ಅದಕ್ಕೆ ಬೆಳ್ಳಿಯ ಕವಚ ಮಾಡಿಸಿ ಹಾಕಿದರೂ ಕಡಿಮೆಯೇ.

ಭಾನುವಾರ ಪಾರೀಸ ಗುರುಗಳು ಒಂದು ಏಣಿ, ಒಂದು ಉದ್ದನೆಯ ಪ್ಲಾಸ್ಟಿಕ್ ನಳಿ ತೆಗೆದುಕೊಂಡು ಬಂದಿದ್ದರು. ಆ ಸುದ್ದಿ ಪತ್ರದಲ್ಲಿ ಬರೆಯುವಂಥದ್ದಲ್ಲ. ಕುಬಸದ ದಿನ ಬೀಗರೆಲ್ಲ ಕೂತಾಗ ಹೇಳುತ್ತೇನೆ. ಅಲ್ಲಿಯ ತನಕ ನೀವು ಸುಖವಾಗಿರಿ.

ಮಲ್ಲಾರಿ


ಕೊಲ್ಲಾಪುರ
೩ ಮಾರ್ಚ್ ೧೯೬೪

ಅಳಿಯಂದಿರಿಗೆ,

ತಪ್ಪು ಒಪ್ಪಿಕೊಂಡದ್ದು ಒಳ್ಳೆಯದಾಯಿತು. ತಡವಾಯಿತು, ಆದರೂ ಒಳ್ಳೆಯದಾಯಿತು. ಬೆಳ್ಳಿಯ ಕವಚದ ಮಾತು ಸ್ವಲ್ಪ ಅತಿಯಾಯಿತು. ನಿಮ್ಮ ಕಡೆಯವರಿಗೆ ಬೈಯಲೂ ಬರುವುದಿಲ್ಲ, ಹೊಗಳಲೂ ಬರುವುದಿಲ್ಲ.

ನಿಮ್ಮ ಪತ್ರ ಮೊನ್ನೆ ಉಪಯೋಗಕ್ಕೆ ಬಂತು. ಶುಕ್ರವಾರ ಇಚಲಕರಂಜಿಯಿಂದ ಕೃಷ್ಣಾ ಬಂದಿದ್ದ. "ಮಾಸ್ತರ, ಗಾಡಿ ಬಿಸಿ ಆತಂದ್ರ ಪೆಟ್ರೋಲಿನ ವಾಸ್ನಿ ಭಾಳ ಬರ್ತೈತ್ರಿ. ಡಬ್ಬಿ ಒಂದಿಷ್ಟು ನೋಡ್ರಿ," ಅಂದ. ನಳಿ ಬಿಚ್ಚಿ ಹೆಬ್ಬೆರಳು ಇಟ್ಟು ನೋಡಿದೆ, ಎಲ್ಲ ಸರಿ ಇತ್ತು. ಅವನಿಗೆ ಸಮಾಧಾನವಾಗಲಿಲ್ಲ. ಆಗ ನಿಮ್ಮ ಪತ್ರ ತೆಗೆದು ವರ್ಕ್‌ಶಾಪಿನ ನಾಲ್ಕು ಜನರ ಮುಂದೆ ಓದಿದೆ. ಒಂದು ಹನಿ ಸೋರುವುದಿಲ್ಲ, ವಾಸನೆ ಕೂಡ ಇಲ್ಲ, ತಪ್ಪೆಲ್ಲ ನನ್ನದೇ. ನನ್ನ ಅಳಿಯನೇ ಒಪ್ಪಿದ ಮೇಲೆ ನಿನ್ನದೇನು ಎಂದು ಕೇಳಿದೆ. "ಮಲ್ಲಾರಿ ಬರದಾನಂದ್ರ ಖರೇನ ಇರಬೇಕ್ರಿ, ಅವ ನಿಮ್ಮನ್ನ ಸುಮ್ಮನ ಹೊಗಳಾಂವಲ್ಲ," ಅಂದು ಹೊರಟುಹೋದ.

ಮಾರ್ಚ್ ಇಪ್ಪತ್ತೊಂಬತ್ತು, ಭಾನುವಾರ, ದಿನ ಚೆನ್ನಾಗಿದೆ. ಹೌಸಾಳನ್ನು ಬೆಳಿಗ್ಗೆ ಹೊರಡಿಸಿ ಕರೆತನ್ನಿ. ಕುಬಸ ಏಪ್ರಿಲ್ ಹದಿನೈದಕ್ಕೆ. ನನ್ನ ಪಂಪು ಇದೆ, ಘಾಟಿನ ಚಿಂತೆ ಇಲ್ಲ.

ತಾತೋಬಾ


ಕೊಲ್ಲಾಪುರ
೨೦ ಮಾರ್ಚ್ ೧೯೬೪
(ಕಾರ್ಡು)

ಮಲ್ಲಾರಿಯವರಿಗೆ. ಹೌಸಾಳನ್ನು ನಿಮ್ಮ ಗಾಡಿಯಲ್ಲಿ ತರಬೇಡಿ. ಎಸ್.ಟಿ. ಬಸ್ಸಿನಲ್ಲಿ ಕಳಿಸಿ. ನಿಪ್ಪಾಣಿ ಸ್ಟ್ಯಾಂಡಿಗೆ ನಾನು ಬಂದು ನಿಲ್ಲುತ್ತೇನೆ. ಕಾರಣ ಕೇಳಬೇಡಿ, ಹಿರಿಯನ ಮಾತೆಂದು ನಡೆಸಿ.

ತಾತೋಬಾ


ಗಡಹಿಂಗ್ಲಜ
೨೪ ಮಾರ್ಚ್ ೧೯೬೪

ಮಾವನವರಿಗೆ,

ಕಾರ್ಡು ಬಂತು. ಪೋಸ್ಟ್‌ಮನ್ ಸ್ಟ್ಯಾಂಡಿನಲ್ಲೇ ಕೊಟ್ಟ, ಕೊಡುವ ಮೊದಲು ಓದಿದ್ದ, ಉಳಿದ ಡ್ರೈವರುಗಳಿಗೂ ಹೇಳಿದ್ದ. ನಿಮಗೆ ಬೇಕಾದದ್ದೂ ಅದೇ. ಮಾತು ಮುಚ್ಚಿ ಹೇಳಬೇಕೆಂದಿದ್ದರೆ ಲಕೋಟೆಯಲ್ಲಿ ಹಾಕುತ್ತಿದ್ದಿರಿ.

ಮೂರು ವಾರದ ಹಿಂದೆ ಘಾಟಿನ ಚಿಂತೆ ಇಲ್ಲ ಎಂದವರಿಗೆ ಈಗ ಏನಾಯಿತು? ನಾನು ಹೇಳುತ್ತೇನೆ. ಗಾಡಿ ನಿಲ್ಲದೆ ಘಾಟು ಹತ್ತಿದರೆ ಇನ್ನು ಮೇಲೆ ನಗಲು ನಿಮಗೆ ಕಥೆ ಇರುವುದಿಲ್ಲ. ಮಗಳು ಬಸ್ಸಿನಿಂದ ಇಳಿಯಬೇಕು, ನೀವು ನಿಪ್ಪಾಣಿಯಲ್ಲಿ ನಿಂತು ಮಂದಿಗೆ ತೋರಿಸಬೇಕು, ಅಳಿಯನ ಗಾಡಿಯ ಯೋಗ್ಯತೆ ಇಷ್ಟು ಎಂದು. ಹಿರಿಯತನ ಇಂಥದಕ್ಕೂ ಬರುತ್ತದೆಂದು ತಿಳಿದುಕೊಂಡೆ.

ನನ್ನ ಹೆಂಡತಿ ನನ್ನ ಗಾಡಿಯಲ್ಲೇ ಬರುತ್ತಾಳೆ. ಭಾನುವಾರ, ನಡುಮಧ್ಯಾಹ್ನ, ಬಿಸಿಲು ನೆತ್ತಿಗೇರಿದಾಗಲೇ ತವಂದಿ ಹತ್ತುತ್ತೇನೆ. ಗಡಿಯಾರ ಹಿಡಿದು ಕೂತುಕೊಳ್ಳಿ.

ಮಲ್ಲಾರಿ


ಗಡಹಿಂಗ್ಲಜ
೩೧ ಮಾರ್ಚ್ ೧೯೬೪

ಮಾವನವರಿಗೆ,

ಮಗಳು ಮುಟ್ಟಿದಳು. ಅತ್ತೆಯವರ ಕೈಗೆ ಒಪ್ಪಿಸಿ, ನೀವು ತಿರುಗಿ ಬರುವ ಮೊದಲೇ ನಾನು ಹೊರಟುಬಂದೆ. ನಿಮ್ಮ ಮುಖ ಒಂದೇ ದಿನ ಎರಡು ಸಲ ನೋಡುವ ಮನಸ್ಸಿರಲಿಲ್ಲ.

ಘಾಟಿನ ಅರ್ಧದಲ್ಲಿ, ಅದೇ ಮೈಲುಗಲ್ಲಿನ ಹತ್ತಿರ, ನಿಮ್ಮನ್ನು ನೋಡಿದೆ. ಕೈಯಲ್ಲಿ ಒದ್ದೆ ಗೋಣಿಚೀಲ, ಕಾಲಬುಡದಲ್ಲಿ ಎರಡು ಡಬ್ಬ ಮರಳು. ಗೋಣಿಚೀಲ ಯಾಕೆಂದು ತಿಳಿಯಿತು, ಒದ್ದೆ ಅರಿವೆಯ ಹಾಸ್ಯ ಇನ್ನೂ ಮುಗಿದಿಲ್ಲ. ಮರಳು ಯಾಕೆ, ಚಕ್ರ ಜಾರೀತೆಂದೇ? ಅರವತ್ತು ವರ್ಷದ ಮನುಷ್ಯ ಅಳಿಯನನ್ನು ಅಣಕಿಸಲು ಕೊಲ್ಲಾಪುರದಿಂದ ಬಸ್ಸು ಹತ್ತಿ ಅಷ್ಟೆಲ್ಲ ಹೊತ್ತು ತಂದದ್ದು ನೋಡಿ ನನಗೆ ಅಸಹ್ಯವಾಯಿತು. ನೀವು ಕೈ ಅಡ್ಡ ಹಿಡಿದಿರಿ. "ಅಪ್ಪ ನಿಂತಾನ, ಗಾಡಿ ನಿಂದರಸ್ರಿ," ಎಂದು ಹೌಸಾ ನನ್ನ ತೋಳು ಹಿಡಿದಳು. ನಾನು ಹಾರ್ನ್ ಬಾರಿಸಿ ಮುಂದೆ ಹೋದೆ. ಆಕೆ ನಿಪ್ಪಾಣಿಯ ತನಕ ಅತ್ತಳು. ಆ ಅಳು ನಿಮ್ಮ ಲೆಕ್ಕಕ್ಕೆ.

ಕುಬಸದ ದಿನ ಹೇಳಬೇಕೆಂದಿದ್ದ ಮಾತನ್ನು ಈಗಲೇ ಬರೆದುಬಿಡುತ್ತೇನೆ, ಇಟ್ಟುಕೊಳ್ಳಲು ಆಗುತ್ತಿಲ್ಲ. ಗಾಡಿಯ ಪುಸ್ತಕದಲ್ಲಿ ಕಾರ್ಬುರೇಟರಿಗೆ ಎರಡೂವರೆ ಪೌಂಡು ಮೀರಬಾರದೆಂದು ಇದೆ. ಪಾರೀಸ ಗುರುಗಳು ಲೆಕ್ಕ ಮಾಡಿ ಹೇಳಿದರು, ಅಷ್ಟು ಒತ್ತಡ ನಳಿಯೊಳಗೆ ಪೆಟ್ರೋಲನ್ನು ಎಂಟು ಅಡಿ ಎತ್ತಿ ನಿಲ್ಲಿಸುತ್ತದೆ, ಹೆಚ್ಚಲ್ಲ. ಫೆಬ್ರವರಿ ಹದಿನಾರು, ಭಾನುವಾರ ಬೆಳಿಗ್ಗೆ, ನಮ್ಮ ಮಾಳಿಗೆಯ ಗೋಡೆಯ ಮೇಲೆ ಸುಣ್ಣದಿಂದ ಅಡಿಯ ಗುರುತು ಹಾಕಿ, ನಳಿ ಕಟ್ಟಿ, ನಿಮ್ಮ ಡಬ್ಬಿಗೆ ಜೋಡಿಸಿದೆವು. ಸ್ವಿಚ್ಚು ಹೌಸಾಳ ಕೈಯಲ್ಲಿತ್ತು. ಪೆಟ್ರೋಲು ಎಂಟು ದಾಟಿತು, ಹತ್ತು ದಾಟಿತು, ಹದಿನಾಲ್ಕು ಅಡಿಗೆ ಹೋಗಿ ನಿಂತಿತು. ನಿಮ್ಮ ಮೂವತ್ತು ವರ್ಷದ ಹೆಬ್ಬೆರಳು ಹೆಚ್ಚುಕಡಿಮೆ ಇಮ್ಮಡಿ ತಪ್ಪಿತ್ತು. "ಅಪ್ಪನ ಕೈ ಹಿಂಗ್ಯಾಕ ಆತರಿ?" ಎಂದಳು ನಿಮ್ಮ ಮಗಳು. ತವರಿಗೆ ಬರೆಯುತ್ತೇನೆಂದು ಕೂತಳು. ನಾನು ಆಣೆ ಹಾಕಿಸಿ ನಿಲ್ಲಿಸಿದೆ.

ಅವತ್ತೇ ನಿಮ್ಮ ಬೆಸುಗೆ ಕರಗಿಸಿ ಸ್ಕ್ರೂ ಸಡಿಲಿಸಿದೆ. ಏಳೂವರೆ ಅಡಿಗೆ ತಂದು ನಿಲ್ಲಿಸಿ, ಮತ್ತೆ ನಿಮ್ಮದರಂತೆಯೇ ಬೆಸುಗೆ ಹಾಕಿದೆ. ಮುಟ್ಟಿದರೆ ನಿಮಗೆ ತಿಳಿಯುತ್ತದೆ ಎಂದಿದ್ದಿರಿ. ಫ್ಲೋಟಿನಲ್ಲಿ ಕಸ ಇರಲೇ ಇಲ್ಲ. ನಾನು ನಿಮ್ಮನ್ನು ನಂಬಿದ್ದರೆ ಮೊನ್ನೆ ಘಾಟಿನಲ್ಲಿ ನಿಮ್ಮ ಮಗಳು ಸುಟ್ಟುಹೋಗುತ್ತಿದ್ದಳು. ನಿಮ್ಮ ಮೇಲೆ ನನಗಿದ್ದ ತಿರಸ್ಕಾರವೇ ಆಕೆಯನ್ನು ಉಳಿಸಿತು. ಇದನ್ನು ಹದಿನೈದರಂದು ಎಲ್ಲರ ಮುಂದೆ ಮತ್ತೊಮ್ಮೆ ಹೇಳುತ್ತೇನೆ.

ಮಲ್ಲಾರಿ


ಕೊಲ್ಲಾಪುರ
೬ ಏಪ್ರಿಲ್ ೧೯೬೪

ಮಲ್ಲಾರಿ,

ಅಳಿಯನಿಗೆ ಏಕವಚನ ಹಚ್ಚಬಾರದೆಂದು ನಿಮ್ಮತ್ತೆ ಅನ್ನುತ್ತಾಳೆ. ಇವತ್ತು ಹಚ್ಚುತ್ತೇನೆ.

ನಿನ್ನ ಪತ್ರ ಬಂದ ದಿನ ನಾನೂ ಒಂದು ನಳಿ ತಂದು ವರ್ಕ್‌ಶಾಪಿನ ಗೋಡೆಗೆ ಕಟ್ಟಿದೆ. ಮಾರಲೆಂದು ಮಾಡಿಟ್ಟ ಇನ್ನೆರಡು ಡಬ್ಬಿ ಇದ್ದವು. ಒಂದು ಹದಿಮೂರು ಅಡಿ ಏರಿತು, ಇನ್ನೊಂದು ಹಂಚಿನ ಮೇಲೆ ಹೋಗಿ ಸುರಿಯಿತು. ಎರಡನ್ನೂ ಸುತ್ತಿಗೆಯಿಂದ ಒಡೆದೆ. ನೀನು ಅಳೆದದ್ದು ಸರಿ. ಈ ಬೆರಳಿಗೆ ಎರಡು ವರ್ಷದಿಂದ ಬಿಸಿ ತಿಳಿಯುತ್ತಿಲ್ಲ. ಚಹಾದ ಕಪ್ಪು ಹಿಡಿದಾಗ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ತಾತೋಬಾನ ಬೆರಳು ಹೋಯಿತೆಂದರೆ ತಾತೋಬಾ ಹೋದ ಎಂದುಕೊಂಡೆ. ಪಂಪಿನ ಒತ್ತಡವೂ ತಿಳಿಯುತ್ತಿಲ್ಲವೆಂದು ಇನ್ನಷ್ಟು ಗಟ್ಟಿಯಾಗಿ ಒತ್ತುತ್ತಿದ್ದೆ, ಇನ್ನಷ್ಟು ಸ್ಕ್ರೂ ಬಿಗಿಯುತ್ತಿದ್ದೆ.

ಈಗ ನಿನಗೆ ಗೊತ್ತಿಲ್ಲದ್ದು ಬರೆಯುತ್ತೇನೆ. ಮಾರ್ಚ್ ಹದಿನೇಳು, ಮಂಗಳವಾರ, ಹಾತಕಣಂಗಲೆಯ ದಾರಿಯಲ್ಲಿ ಕೃಷ್ಣಾನ ಗಾಡಿಗೆ ಬೆಂಕಿ ಬಿತ್ತು. ಸೀಟಿನಲ್ಲಿದ್ದವರು ಇಳಿದು ಓಡಿದರು. ಅವನು ಗಾಡಿ ಉಳಿಸಲು ಬಾನೆಟ್ ಎತ್ತಿದ. ಎರಡೂ ಕೈ ಮೊಣಕೈಯ ತನಕ ಸುಟ್ಟಿವೆ. ಬಲಗೈಯ ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವನಿನ್ನು ಗಾಡಿ ಹಿಡಿಯುವಂತಿಲ್ಲ. ಅವನ ಹೆಂಡತಿ ಸೋನಾಬಾಯಿ ಮಗ್ಗದ ಕಾರಖಾನೆಯಲ್ಲಿ ಕಂಡಿಕೆ ಸುತ್ತಲು ಹೋಗುತ್ತಾಳೆ, ಬಂದು ಗಂಡನಿಗೆ ತುತ್ತು ಮಾಡಿ ಉಣ್ಣಿಸುತ್ತಾಳೆ.

ಹತ್ತೊಂಬತ್ತಕ್ಕೆ ನೋಡಲು ಹೋದೆ. ಅವನು ನನ್ನನ್ನು ಬೈಯಲಿಲ್ಲ. "ಮಾಸ್ತರ, ನಿಮ್ಮ ಡಬ್ಬಿ ಚಲೋನ ಇತ್ತು. ಮಲ್ಲಾರಿದು ಸೋರಲಿಲ್ಲ, ನಂದ್ಯಾಕ ಸೋರೀತು? ನನ್ನ ಕಾರ್ಬುರೇಟರಿನಾಗ ಕಸ ಇದ್ದೀತ್ರಿ, ನಾನ ತೊಳೀಲಿಲ್ಲ," ಅಂದ. ನಾನು ಹೂಂ ಅಂದು ಎದ್ದುಬಂದೆ. ಮರುದಿನ ನಿನಗೆ ಕಾರ್ಡು ಬರೆದೆ. ಕಾರಣ ಬರೆಯಲು ಎರಡು ಕಾರ್ಡು ತೆಗೆದು ಎರಡನ್ನೂ ಹರಿದೆ. ನನ್ನ ಕೆಲಸ ಕೆಟ್ಟಿತೆಂದು ನಿನಗೆ, ಅದರಲ್ಲೂ ನಿನಗೆ, ಬರೆಯಲು ಆಗಲಿಲ್ಲ. ಮಗಳ ಜೀವಕ್ಕಿಂತ ಅದು ದೊಡ್ಡದಾಯಿತು ನನಗೆ. ನೀನು ಬಸ್ಸಿನ ಮಾತು ಕೇಳುವುದಿಲ್ಲವೆಂದು ತಿಳಿದ ಮೇಲೆ ಮರಳು, ಗೋಣಿಚೀಲ ತೆಗೆದುಕೊಂಡು ಘಾಟಿಗೆ ಬಂದೆ, ಬೆಂಕಿ ಬಿದ್ದರೆ ಆರಿಸಲು. ಬೆಳಗಿನ ಎಂಟರಿಂದ ನಿಂತಿದ್ದೆ.

ನನ್ನ ಪಾಪ ಇಷ್ಟು. ನಿನ್ನದೂ ನೋಡು. ಫೆಬ್ರವರಿ ಹದಿನಾರಕ್ಕೆ ನಿನಗೆ ಗೊತ್ತಾಯಿತು. ಕೃಷ್ಣಾನ ಗಾಡಿಯಲ್ಲೂ ಅಂಥದೇ ಡಬ್ಬಿ ಇದೆಯೆಂದು ನಾನು ಮೊದಲೇ ಬರೆದಿದ್ದೆ. ಮಾರ್ಚ್ ಹದಿನೇಳಕ್ಕೆ ಒಂದು ತಿಂಗಳು. ಒಂದು ಕಾರ್ಡು ಸಾಕಿತ್ತು. ನೀನು ಬರೆದದ್ದು ಹೊಗಳಿಕೆ. ಅದು ಅಣಕವೆಂದು ನನಗೆ ತಿಳಿಯಲಿಲ್ಲ, ಹೊಗಳಿಸಿಕೊಳ್ಳುವ ಆಸೆ ಇದ್ದವನಿಗೆ ತಿಳಿಯುವುದಿಲ್ಲ. ಕೃಷ್ಣಾ ವಾಸನೆ ಬರುತ್ತದೆಂದು ಬಂದವನು ನನ್ನ ಮಾತು ನಂಬಿರಲಿಲ್ಲ. ನಿನ್ನ ಪತ್ರ ನಂಬಿ ಹೋದ.

ಹೌಸಾ ಚೆನ್ನಾಗಿದ್ದಾಳೆ. ಆಕೆಗೆ ಬೆಂಕಿಯ ಸುದ್ದಿ ಹೇಳಿಲ್ಲ. ಕುಬಸದ ದಿನ ನೀನು ಬೀಗರ ಮುಂದೆ ನನ್ನ ಬೆರಳಿನ ಮಾತು ಹೇಳು, ನಾನು ತಡೆಯುವುದಿಲ್ಲ. ಆದರೆ ಅದಕ್ಕೂ ಮೊದಲು ಹನ್ನೆರಡನೆಯ ತಾರೀಖು, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಇಚಲಕರಂಜಿಯ ಎಸ್.ಟಿ. ಸ್ಟ್ಯಾಂಡಿಗೆ ಬಾ. ಕೃಷ್ಣಾ ಇನ್ನೂ ತನ್ನದೇ ತಪ್ಪೆಂದು ತಿಳಿದು ಮಲಗಿದ್ದಾನೆ. ಅವನ ಮುಂದೆ ಕೂತು ನನ್ನದನ್ನು ನಾನು ಹೇಳುತ್ತೇನೆ. ಫೆಬ್ರವರಿ ಹದಿನಾರರ ಮಾತು ನನ್ನ ಬಾಯಿಂದ ಬರುವುದಿಲ್ಲ. ಅದನ್ನು ನೀನೇ ಹೇಳಬೇಕು.

ತಾತೋಬಾ